ಬೆರಳಿನಲ್ಲಿ ಉತ್ತರ ಹೇಳುವ ಶಾಲೆ

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಪ್ರಸಂಗದ ನಡುವೆ ಎಲ್ಲೋ ನಾನು ಒಬ್ಬ ಮರ್ಯಾದಸ್ಥ ಮಾಸ್ತರರ ಮೇಲೆ ಏರಿಹೋಗುತ್ತೇನೆ, ಆಗ ಓದುವವರು ಗಾಬರಿಯಾಗಬಾರದು. ಮುಧೋಳದ ನೀರು ಕುಡಿದು ಬೆಳೆದವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ಹೇಳುತ್ತಾನೆ. ಅವನು ಜಮಖಂಡಿಯವನು. ಅವರ ಮನೆತನದವರು ಸಿಟ್ಟು ಬಂದರೆ ಮಾತು ಬಿಡುತ್ತಾರೆ, ನಾವು ಮಾತು ಶುರು ಮಾಡುತ್ತೇವೆ. ಅಷ್ಟೇ ವ್ಯತ್ಯಾಸ.

ದಿನಾ ಬೆಳಿಗ್ಗೆ ಜಮಖಂಡಿಯಿಂದ ಬಸ್ಸು ಹಿಡಿದು ನಾನು ಬನಹಟ್ಟಿಯ ಸರಕಾರಿ ಶಾಲೆಗೆ ಹೋಗುತ್ತೇನೆ. ಒಂದರಿಂದ ಎಂಟನೆಯ ತರಗತಿಯವರೆಗಿನ ಶಾಲೆ, ನೇಕಾರರ ಓಣಿಯ ನಟ್ಟನಡುವೆ ಇದೆ. ಎಡಕ್ಕೆ ಪಾವರ್‌ಲೂಮು, ಬಲಕ್ಕೆ ಪಾವರ್‌ಲೂಮು, ಹಿಂದೆ ಗೋಡೆಗೆ ಗೋಡೆ ಹತ್ತಿಕೊಂಡು ಮತ್ತೊಂದು. ಪ್ರಾರ್ಥನೆಗೆ ಮುಂಚೆಯೇ ಶುರುವಾಗುವ ಖಟಖಟ ನಾವು ಸಂಜೆ ಬಾಗಿಲು ಹಾಕಿಕೊಂಡು ಹೋದರೂ ನಿಲ್ಲುವುದಿಲ್ಲ. ಮೊದಲ ದಿನ ನಾನು ಆ ಸದ್ದಿನ ಮೇಲೆ ಪಾಠ ಮಾಡುವ ಹಠಕ್ಕೆ ಬಿದ್ದೆ. ಸಂಜೆ ಮನೆಗೆ ಬಂದಾಗ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಅಂದು ಗಂಡನಿಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಕ್ಕಿಲ್ಲ.

ಓಣಿಯವರಿಗೆ ಮಾತ್ರ ಆ ಸದ್ದು ಒಂದು ಲೆಕ್ಕವೇ ಅಲ್ಲ. ಅವರು ಅದರ ಜೊತೆ ಜಗಳಕ್ಕೆ ಇಳಿಯುವುದಿಲ್ಲ, ಕೈಯಲ್ಲಿ ಮಾತಾಡುತ್ತಾರೆ. ತೋರುಬೆರಳು ಗರಗರ ತಿರುಗಿಸಿದರೆ ಕಂಡಿಕಿ ಮುಗಿದಿದೆ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ ಖಾಲಿ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ಎಳೆ ಹರಿದಿದೆ. ಹೆಬ್ಬೆರಳು ಬಾಯಿಯ ಕಡೆ ಬಾಗಿದರೆ ಚಹಾ ಬಂದಿದೆ. ಯಾರೂ ಯಾರನ್ನೂ ದೂರದಿಂದ ಕೂಗಿ ಕರೆಯುವುದಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿ, ಎದುರಿಗೆ ನಿಂತು, ಬಾಯಿ ಅಗಲ ಮಾಡಿ ಹೇಳುತ್ತಾರೆ. ಕೇಳುವವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಓಣಿಯ ಮಕ್ಕಳಿಗೆ ಅಆಇಈಗಿಂತ ಮೊದಲು ಈ ಭಾಷೆ ಬರುತ್ತದೆ. ನಾನೂ ಕಲಿತೆ. ಈಗ ಮನೆಯಲ್ಲೂ ಗಂಡನಿಗೆ ಹೆಬ್ಬೆರಳು ಬಾಗಿಸಿಯೇ ಚಹಾ ಕೇಳುತ್ತೇನೆ, ಅವನು ಕಾಣದವನ ಹಾಗೆ ಪೇಪರ್ ಓದುತ್ತಾನೆ.

ಇನ್ನು ಪರೀಕ್ಷೆಯ ವಿಷಯ. ವರ್ಷಕ್ಕೊಮ್ಮೆ ಐದು ಮತ್ತು ಎಂಟನೆಯ ತರಗತಿಯವರಿಗೆ ಮೇಲಿನಿಂದ ಒಂದು ಪರೀಕ್ಷೆ ಬರುತ್ತದೆ. ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ. ಪ್ರತಿ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ, ಸರಿಯಾದದ್ದರ ಮುಂದಿನ ಪುಟ್ಟ ವೃತ್ತವನ್ನು, ಅಂದರೆ ಗುಂಡನ್ನು, ಪೆನ್ನಿನಿಂದ ತುಂಬಬೇಕು. ಮಕ್ಕಳು ಇದಕ್ಕೆ ಗುಂಡು ತುಂಬೋ ಪರೀಕ್ಷೆ ಎನ್ನುತ್ತಾರೆ. ತಿದ್ದುವುದು ಮಷೀನು. ಮಷೀನಿಗೆ ಮಕ್ಕಳ ಮುಖ ಗೊತ್ತಿಲ್ಲ, ಓಣಿ ಗೊತ್ತಿಲ್ಲ, ಗುಂಡು ಮಾತ್ರ ಗೊತ್ತು.

ಹಿಂದಿನ ವರ್ಷ ಫಲಿತಾಂಶದ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗಳ ಹೆಸರುಗಳನ್ನು ಮೇಲಿನಿಂದ ಓದುತ್ತ ಬಂದರು. ಓದಿದರು, ಓದಿದರು, ನಡುವೆ ನೀರು ಕುಡಿದರು, ಮತ್ತೆ ಓದಿದರು. ಎಲ್ಲರ ಹೆಸರು ಮುಗಿದ ಮೇಲೆ ನಮ್ಮದು ಬಂತು. ನನ್ನ ಕಿವಿ ಬಿಸಿಯಾದವು. ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ತರರು ಮಾತ್ರ ನಿಶ್ಚಿಂತೆಯಿಂದ ಕೂತಿದ್ದರು. ಅವರು ಮಹಾಲಿಂಗಪುರದವರು. ಆ ಊರಿನ ಬೆಲ್ಲದಲ್ಲಿ ಜಗತ್ತಿನ ಎಲ್ಲ ಕಷ್ಟಕ್ಕೂ ಔಷಧ ಇದೆ ಎಂದು ನಂಬಿದವರು. ಕಿಸೆಯಲ್ಲಿ ಸದಾ ಕಾಗದದಲ್ಲಿ ಸುತ್ತಿದ ಬೆಲ್ಲದ ಹಳಕುಗಳು, ಸಣ್ಣ ಸಣ್ಣ ತುಂಡುಗಳು, ಇರುತ್ತವೆ.

"ಯಾರರೆ ಒಬ್ಬರು ಕೆಳಗ ಇರಬೇಕಲ್ರಿ ಟೀಚರ್," ಎಂದರು ಹೊರಗೆ ಬಂದ ಮೇಲೆ. "ಇಲ್ಲಾಂದ್ರ ಮ್ಯಾಲಿನವರು ಯಾರ ಮ್ಯಾಲ ನಿಲ್ಲಬೇಕು?"

"ಮುಂದಿನ ವರ್ಷ ಬ್ಯಾರೆ ಯಾರರೆ ಕೆಳಗ ನಿಲ್ಲಲಿ ಸರ್. ನಮ್ಮ ಹುಡುಗೂರ ಹೆಗಲು ನೋಯಾಕತ್ತಾವು."

ಅವರು ಉತ್ತರ ಕೊಡಲಿಲ್ಲ, ಬೆಲ್ಲ ಕೊಟ್ಟರು.

ಜೂನ್‌ನಿಂದಲೇ ನಾನು ಐದನೆಯ ತರಗತಿಯ ಬೆನ್ನು ಹತ್ತಿದೆ. ಬೋರ್ಡಿನ ಮೇಲೆ ಪ್ರಶ್ನೆ ಬರೆದು, ನಾಲ್ಕು ಉತ್ತರ ಬರೆದು, ಯಾವುದು ಸರಿ ಎಂದು ಕೇಳುವುದು. ಮಕ್ಕಳು ಒಟ್ಟಿಗೆ ಕೂಗುವುದು. ಆದರೆ ಮಗ್ಗಗಳ ಸದ್ದಿನಲ್ಲಿ ಬಿ, ಸಿ, ಡಿ ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕೇಳುತ್ತವೆ. ಯಾರು ಸರಿ ಹೇಳಿದರು, ಯಾರು ತಪ್ಪು ಹೇಳಿದರು, ಯಾರು ಸುಮ್ಮನೆ ಬಾಯಿ ತೆರೆದು ಕೂತರು, ಒಂದೂ ತಿಳಿಯುತ್ತಿರಲಿಲ್ಲ. ಒಂದು ದಿನ ಹೀಗೆ ನಾನು ಕೂಗಿ ಕೂಗಿ ಸಾಕಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಗ, ಮೊದಲ ಬೆಂಚಿನ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ಎದೆಯ ಮೇಲೆ ಮೂರು ಬೆರಳು ಇಟ್ಟಳು. ಮೂರನೆಯ ಉತ್ತರ, ಸಿ. ಸರಿಯಾಗಿತ್ತು.

ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬರುವ, ಗಟ್ಟಿ ದನಿಯ ಹುಡುಗಿ. ಅಪ್ಪ ಮಗ್ಗದ ಮೇಲೆ, ಅವ್ವ ಮನೆಯಲ್ಲಿ ಕಂಡಿಕಿ ಸುತ್ತುತ್ತಾಳೆ. ಅವಳ ಬೆರಳು ನೋಡಿದ್ದೇ ನನಗೆ ದಾರಿ ಕಂಡಿತು. ಅಂದಿನಿಂದ ನಮ್ಮ ತರಗತಿಯಲ್ಲಿ ಬಾಯಿ ಬಂದಾಯಿತು. ಒಂದು ಬೆರಳು ಎ, ಎರಡು ಬಿ, ಮೂರು ಸಿ, ನಾಲ್ಕು ಡಿ. ಪಕ್ಕದವರಿಗೆ ಕಾಣದ ಹಾಗೆ ಕೈ ಎದೆಗೆ ಒತ್ತಿ ಹಿಡಿಯಬೇಕು, ಎದುರಿಗೆ ನಿಂತ ನನಗೆ ಮಾತ್ರ ಕಾಣಬೇಕು. ನಾನು ಹೌದೆಂದು ತಲೆ ಅಲ್ಲಾಡಿಸಿದರೆ ಗುಂಡು ತುಂಬಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಯೋಚಿಸಬೇಕು. ಒಂದೇ ನೋಟಕ್ಕೆ ಇಡೀ ತರಗತಿಯ ತಲೆಯೊಳಗೆ ಏನಿದೆ ಎಂದು ನನಗೆ ತಿಳಿಯತೊಡಗಿತು. ಕೆಲವೇ ತಿಂಗಳಲ್ಲಿ ಅದು ಎಂಥ ರೂಢಿಯಾಯಿತೆಂದರೆ, ಬಿಸಿಯೂಟದ ಹೊತ್ತಿಗೆ ಅಡುಗೆಯವಳು "ಅನ್ನ ಹಾಕಲ್ಯಾ, ಸಾರು ಹಾಕಲ್ಯಾ?" ಎಂದರೆ ಮಕ್ಕಳು ತಟ್ಟೆ ಹಿಡಿದುಕೊಂಡೇ ಎದೆಯ ಮೇಲೆ ಎರಡು ಬೆರಳು ಇಡುತ್ತಿದ್ದರು.

ಆ ಜಡೆಯ ಹುಡುಗಿ ಬೋರ್ಡಿನ ಮೇಲಿನ ಯಾವ ಪ್ರಶ್ನೆಗೂ ತಪ್ಪುತ್ತಿರಲಿಲ್ಲ. ಎಲ್ಲರಿಗಿಂತ ಮುಂಚೆ ಅವಳ ಬೆರಳು ಬರುತ್ತಿತ್ತು. ಆದರೆ ನಾನು ಬೆಂಚುಗಳ ನಡುವೆ ಓಡಾಡುತ್ತ ಉಕ್ತಲೇಖನ ಹೇಳಿದರೆ ಅವಳ ಪಾಟಿ ಅರ್ಧ ಖಾಲಿ. ನಾನು ಹೇಳುವುದನ್ನು ಬರೆಯುವುದು ಬಿಟ್ಟು, ಕುತ್ತಿಗೆ ತಿರುಗಿಸಿ ತಿರುಗಿಸಿ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

"ಯಾಕಬೇ, ನನ್ನ ಮಾರಿ ಮ್ಯಾಲ ಉತ್ತರ ಬರದೈತೇನು?" ಎಂದು ನಾನು ಗದರಿಸಿದರೆ ನಕ್ಕುಬಿಡುತ್ತಿದ್ದಳು. ಆ ನಗುವಿಗೆ ನನ್ನ ಸಿಟ್ಟು ಸೋಲುತ್ತಿತ್ತು. ಬುದ್ಧಿವಂತೆ, ಆದರೆ ಲಕ್ಷ್ಯ ಇಲ್ಲ ಎಂದುಕೊಂಡಿದ್ದೆ.

ಪರೀಕ್ಷೆಯ ದಿನ ಬಂತು. ಆ ಸಲ ಅವರವರ ಶಾಲೆಯಲ್ಲಿ ಬರೆಯುವ ಹಾಗಿರಲಿಲ್ಲ. ನಮಗೆ ಕೊಟ್ಟದ್ದು ಚಿಮ್ಮಡದ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಹೊಲಗಳ ನಡುವೆ ಇರುವ ಒಂದು ಶಾಲೆ. ಟೆಂಪೋದಲ್ಲಿ ಮಕ್ಕಳನ್ನು ತುಂಬಿಕೊಂಡು ಹೊರಟೆವು. ಅವರು ದಾರಿಯುದ್ದಕ್ಕೂ ಕೂಗಾಡುತ್ತ ಬಂದವರು, ಟೆಂಪೋ ಇಂಜಿನ್ ಬಂದ್ ಆದದ್ದೇ ತಡ, ಒಮ್ಮೆಲೇ ಗಪ್ಪಾದರು. ಸುತ್ತ ಏನೂ ಸದ್ದಿಲ್ಲ. ಎಲ್ಲೋ ಒಂದು ಹಕ್ಕಿ, ಕಬ್ಬಿನ ಎಲೆಯ ಸರಸರ, ಅಷ್ಟೇ. ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಒಬ್ಬಳು ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು.

"ಅಕ್ಕೋರ, ಇಲ್ಲಿ ಕರೆಂಟ್ ಹೋಗೇತೇನ್ರಿ?"

ನಮ್ಮ ಓಣಿಯಲ್ಲಿ ಮೌನವೆಂದರೆ ಕರೆಂಟು ಹೋಗಿರುವುದು, ಅಷ್ಟೇ. ನಾನು ನಕ್ಕೆನಾದರೂ ಒಳಗೆ ಹೆದರಿಕೆ ಶುರುವಾಯಿತು. ಖಟಖಟದಲ್ಲಿ ಲೆಕ್ಕ ಮಾಡಿ ರೂಢಿಯಾದ ತಲೆ ಇಲ್ಲಿ ಓಡುತ್ತದೋ ಇಲ್ಲವೋ. ಹೆಡ್‌ಮಾಸ್ತರರು ಎಲ್ಲರ ಬಾಯಿಗೂ ಒಂದೊಂದು ಹಳಕು ಬೆಲ್ಲ ಹಾಕಿ ಒಳಗೆ ಕಳಿಸಿದರು. "ಬಾಯಾಗ ಬೆಲ್ಲ, ಕೈಯಾಗ ಪೆನ್ನು. ಹೋಗ್ರಿ, ಗೆದ್ದು ಬರ್ರಿ."

ಒಳಗೆ ಪರೀಕ್ಷೆ ನಡೆಸಲು ಬೇರೆ ಶಾಲೆಯ ಮಾಸ್ತರರು ಬಂದಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲುತುಟಿ ಪೂರ್ತಿ ಮುಚ್ಚಿ ಕೆಳಗೆ ಇಳಿದ ದಪ್ಪ ಮೀಸೆ. ಬಹಳ ಶಿಸ್ತಿನವರು ಎಂದು ಮೀಸೆಯೇ ಹೇಳುತ್ತಿತ್ತು. ನಾವು ಹೊರಗೇ ಇರಬೇಕೆಂದು ಕೈಮುಗಿದು ಹೇಳಿದರು. ನಾನು ಕಿಟಕಿಯ ಎದುರಿನ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದಿಟ್ಟು ಮೊದಲ ಬಸ್ಸು ಹಿಡಿದವಳು ನಾನು. ತಂಪು ಗಾಳಿ, ಸದ್ದಿಲ್ಲದ ಜಾಗ. ಕಣ್ಣು ಎಳೆದವು.

ಯಾರೋ ಗಂಟಲು ಕೆರೆದುಕೊಂಡ ಸದ್ದಿಗೆ ಎಚ್ಚರವಾಯಿತು. ಮೀಸೆಯ ಮಾಸ್ತರರು ಎದುರಿಗೆ ನಿಂತಿದ್ದರು. ಮುಖ ಕೆಂಪಾಗಿತ್ತು.

"ಟೀಚರ್, ಇಷ್ಟು ವರ್ಷ ಪರೀಕ್ಷಾ ನಡಿಸೇನಿ. ಹಿಂತಾದ್ದು ನೋಡಿದ್ದಿಲ್ಲ ಬಿಡ್ರಿ."

"ಏನಾತ್ರಿ ಸರ್?"

"ಏನಾತಂತ ನನ್ನ ಕೇಳ್ತೀರಿ? ಒಳಗ ನಿಮ್ಮ ಹುಡುಗೂರು ಎಲ್ಲಾರೂ ಎದಿ ಮ್ಯಾಲ ಬೆರಳ ತೋರಸ್ತಾರ. ಒಂದು, ಎರಡು, ಮೂರು, ನಾಕು. ಕಿಟಕ್ಯಾಗಿಂದ ನೋಡಿದ್ರ ಹೊರಗ ನೀವು ಕುಂತು ಹೂಂ ಹೂಂ ಅಂತ ತಲಿ ಅಲ್ಲಾಡಸಾಕತ್ತೀರಿ!"

ಒಂದು ಕ್ಷಣ ನನಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉತ್ತರ ಹೊಳೆದ ಕೂಡಲೇ ಎದೆಗೆ ಕೈ ಹೋಗುವುದು ಮಕ್ಕಳಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು. ನಿಲ್ಲಿಸಿರೆಂದು ಹೇಳುವುದು ನನಗೇ ನೆನಪಾಗಿರಲಿಲ್ಲ. ಅದರ ಮೇಲೆ ನಾನು ತೂಕಡಿಸಿ ತಲೆ ಅಲ್ಲಾಡಿಸಿದ್ದೆ.

ಇಂಥ ಹೊತ್ತಿನಲ್ಲಿ ಜಾಣರು ತಪ್ಪಾಯಿತು ಎನ್ನುತ್ತಾರೆ. ನಾನು ಮುಧೋಳದವಳು.

"ನಾ ನಿದ್ದಿ ಮಾಡಾಕತ್ತಿದ್ದೆ ಸರ್! ನಿದ್ದಿಗಣ್ಣಾಗ ಲೆಕ್ಕದ ಉತ್ತರ ಹೇಳೂವಷ್ಟು ಬುದ್ಧಿ ಇದ್ದಿದ್ರ ನಾ ಯಾಕ ಇಲ್ಲಿ ಬೇವಿನ ಗಿಡದ ಬುಡಕ ಕುಂಡ್ರತಿದ್ದೆ? ನಮ್ಮ ಹುಡುಗೂರು ಕಳ್ಳರಲ್ರಿ. ಮಗ್ಗದ ಗದ್ದಲದಾಗ ಅವರು ಉತ್ತರ ಹೇಳೂದ ಹಂಗ!"

ಇನ್ನೂ ಬಹಳಷ್ಟು ಅಂದೆ, ಅದೆಲ್ಲ ಇಲ್ಲಿ ಬೇಡ. ಹೆಡ್‌ಮಾಸ್ತರರು ಓಡಿಬಂದು ನಡುವೆ ನಿಂತು ಅವರಿಗೂ ಬೆಲ್ಲ ಕೊಡಲು ನೋಡಿದರು. ಅವರು ತೆಗೆದುಕೊಳ್ಳಲಿಲ್ಲ. ಆದರೆ ನ್ಯಾಯವಂತ ಮನುಷ್ಯ. ಸ್ವಲ್ಪ ಯೋಚಿಸಿ, "ರೂಢಿ ಅಂತೀರಿ. ಆತು. ಈಗ ಒಳಗ ಹೋಗಿ ಎಲ್ಲಾರಿಗೂ ಕೈ ಕೆಳಗ ಇಡ್ರಿ ಅಂತೀನಿ. ಮತ್ತ ಯಾರರೆ ಒಬ್ಬರು ತೋರಿಸಿದ್ರೂ ಕಾಪಿ ಅಂತ ಬರೀತೀನಿ. ಒಬ್ಬರದು ಬರದ್ರ ಇಡೀ ಸಾಲಿ ಪೇಪರ್ ಬ್ಯಾರೆ ಇಡಬೇಕಾಗತೈತಿ. ನಿಯಮ ಐತಿ," ಎಂದು ಒಳಗೆ ಹೋದರು. ಹೋಗುವಾಗ ನನಗೆ ಕಿಟಕಿಗೆ ಬೆನ್ನು ಮಾಡಿ ಕೂರಲು ಹೇಳಿದರು. ಕೂತೆ.

ಒಳಗೆ ಅವರು ಜೋರಾಗಿ ಹೇಳಿದ್ದು ಹೊರಗೂ ಕೇಳಿತು. ಬೆಂಚುಗಳ ಮೇಲೆ ಕೈ ಇಟ್ಟ ಸದ್ದೂ ಕೇಳಿತು. ಸದ್ಯ ಬದುಕಿದೆವು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೀಸೆಯ ಮಾಸ್ತರರು ಒಬ್ಬಳ ಕೈ ಹಿಡಿದು ಹೊರಗೆ ಕರೆತಂದರು. ನೋಡಿದರೆ ಎರಡು ಜಡೆಯ ಹುಡುಗಿ. ಅವರ ಇನ್ನೊಂದು ಕೈಯಲ್ಲಿ ಅವಳ ಗುಂಡಿನ ಹಾಳೆ.

"ಎಲ್ಲಾರೂ ಕೈ ಕೆಳಗಿಟ್ಟರು. ಈಕಿ ಒಬ್ಬಾಕಿ ಮಾತ್ರ ನನ್ನ ಮುಂದನ ತೋರಸಾಕತ್ತಾಳ. ಎರಡ ಸಲ ಹೇಳೇನಿ. ಕೇಳವಲ್ಲಳು."

ಇಡೀ ವರ್ಷದ ದುಡಿಮೆ ಆ ಹಾಳೆಯ ಜೊತೆ ಅವರ ಕೈಯಲ್ಲಿತ್ತು. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಹುಡುಗಿಯ ಮುಖ ನೋಡಿ. ಅವಳಿಗೆ ಏನಾಗಿದೆ ಎಂದೇ ತಿಳಿದಿರಲಿಲ್ಲ. ಒಮ್ಮೆ ನನ್ನ ಬಾಯಿ, ಒಮ್ಮೆ ಅವರ ಮೀಸೆ ನೋಡುತ್ತ ನಿಂತಿದ್ದಳು. ಐದನೆಯ ತರಗತಿಯ ಮಗುವಿನ ಬಗ್ಗೆ ಸರಕಾರದ ಕಾಗದದ ಮೇಲೆ ಬರೆಯುವ ಮೊದಲ ಮಾತು ಕಾಪಿ ಮಾಡಿದಳು ಎಂದಾಗಬೇಕೆ? ಓಣಿಯಲ್ಲಿ ಇಂಥ ಸುದ್ದಿ ಲಾಳಿಗಿಂತ ಜೋರಾಗಿ ಓಡುತ್ತದೆ.

ಸಿಟ್ಟು ಎಲ್ಲಿ ಹೋಯಿತೋ, ನಾನು ಕೈಮುಗಿದೆ.

"ಸರ್, ಒಂದ ಮಾತು ಕೇಳ್ರಿ. ಈಕಿನ್ನ ಯಾರೂ ಇಲ್ಲದ ಕಡೆ ಒಬ್ಬಾಕಿನ್ನ ಕುಂಡ್ರಸ್ರಿ. ನಾ ಗೇಟಿನ ಹೊರಗ ಹೋಗಿ ನಿಲ್ತೀನಿ. ಆಗ ಏನ್ ಮಾಡ್ತಾಳ ನೀವ ನೋಡ್ರಿ. ಆಮ್ಯಾಲ ಏನ್ ಬೇಕಾದ್ದು ಬರೀರಿ."

ಅವರು ಒಪ್ಪಿದರು. ಪಡಸಾಲೆಯ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ಒಂದು ಬೆಂಚು ಹಾಕಿಸಿದರು. ಹುಡುಗಿಗೆ ಹಾಳೆ ಕೊಟ್ಟು ಕೂರಿಸಿದರು. ಎದುರಿಗೆ ಬರೀ ಸುಣ್ಣದ ಗೋಡೆ. ಕೋಣೆಯ ಬಾಗಿಲಲ್ಲಿ ನಿಂತು ಮಾಸ್ತರರು ಒಂದು ಕಣ್ಣು ಒಳಗೆ, ಒಂದು ಕಣ್ಣು ಇವಳ ಮೇಲೆ ಇಟ್ಟರು. ನಾನು ಗೇಟಿನ ಸಂದಿಯಿಂದ ಇಣುಕುತ್ತಿದ್ದೆ. ಹೆಡ್‌ಮಾಸ್ತರರು ಕೊಡಲಿಕ್ಕೆ ಯಾರೂ ಸಿಗದೆ ತಾವೇ ಬೆಲ್ಲ ತಿನ್ನುತ್ತಿದ್ದರು.

ಹುಡುಗಿ ಪ್ರಶ್ನೆ ಓದಿದಳು. ಹುಬ್ಬು ಗಂಟು ಹಾಕಿದಳು. ಆಮೇಲೆ ಎದೆಯ ಮೇಲೆ ಎರಡು ಬೆರಳು ಇಟ್ಟು ಗೋಡೆಗೆ ತೋರಿಸಿದಳು. ಗೋಡೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ತಾನೇ ತಲೆ ಅಲ್ಲಾಡಿಸಿ ಗುಂಡು ತುಂಬಿದಳು. ಮುಂದಿನದಕ್ಕೆ ನಾಲ್ಕು ಬೆರಳು. ಮತ್ತೆ ತಾನೇ ಹೂಂ. ಮೀಸೆಯ ಕೆಳಗೆ ಏನೋ ಅಲುಗಿದ ಹಾಗಾಯಿತು. ನಗು ಇರಬೇಕು, ಆ ಮೀಸೆಯಲ್ಲಿ ಖಾತ್ರಿ ಹೇಳುವುದು ಕಷ್ಟ.

"ಸಾಕು ತಂಗಿ, ಒಳಗ ಬಾ," ಎಂದರು ಮಾಸ್ತರರು ಬೆನ್ನ ಹಿಂದಿನಿಂದ.

ಅವಳು ಏಳಲಿಲ್ಲ.

"ತಂಗೀ!"

ಅವಳು ಗೋಡೆಗೆ ಒಂದು ಬೆರಳು ತೋರಿಸಿದಳು. ಮಾಸ್ತರರು ಹತ್ತಿರ ಬಂದು ಅವಳ ತಲೆಯ ಹಿಂದೆ ಚಪ್ಪಾಳೆ ತಟ್ಟಿದರು. ಇಲ್ಲ. ಅಷ್ಟರಲ್ಲಿ ಆ ಶಾಲೆಯ ಸಿಪಾಯಿ ಪಡಸಾಲೆಯ ಕಂಬಕ್ಕೆ ನೇತುಹಾಕಿದ್ದ ಕಬ್ಬಿಣದ ತುಂಡನ್ನು ಢಣ್ ಢಣ್ ಎಂದು ಬಾರಿಸಿದ. ಕೊನೆಯ ಭಾಗದ ಗಂಟೆ. ಗೇಟಿನ ಹೊರಗಿದ್ದ ನಾನೇ ಬೆಚ್ಚಿಬಿದ್ದೆ. ಕಂಬದ ಪಕ್ಕದಲ್ಲೇ ಕೂತಿದ್ದ ಹುಡುಗಿ ನೆಮ್ಮದಿಯಿಂದ ಗುಂಡು ತುಂಬುತ್ತಿದ್ದಳು.

ಮಾಸ್ತರರು ನಿಧಾನವಾಗಿ ಗೇಟಿನ ತನಕ ನಡೆದು ಬಂದರು. ಅವರ ದನಿ ಬೇರೆಯಾಗಿತ್ತು.

"ಟೀಚರ್, ಈ ಹುಡುಗಿಗೆ ಕಿವಿ ಕೇಳ್ತಾವೇನ್ರಿ?"

ನಾನು ಗೇಟು ಹಿಡಿದುಕೊಂಡೆ. ಅರ್ಧ ಖಾಲಿ ಪಾಟಿ, ತಿರುಗುವ ಕುತ್ತಿಗೆ, ನನ್ನ ಮುಖದ ಮೇಲೆ ನೆಟ್ಟ ಕಣ್ಣು, ಎಲ್ಲ ಒಟ್ಟಿಗೆ ನೆನಪಾದವು. ನಮ್ಮ ಓಣಿಯಲ್ಲಿ ಎಲ್ಲರೂ ತುಟಿ ನೋಡುತ್ತಾರೆ, ಎಲ್ಲರೂ ಕೈಯಲ್ಲಿ ಮಾತಾಡುತ್ತಾರೆ, ಎಲ್ಲರೂ ಗಟ್ಟಿಯಾಗಿ ಕೂಗುತ್ತಾರೆ, ಹೆಗಲು ಮುಟ್ಟದೆ ಯಾರೂ ಯಾರನ್ನೂ ಕರೆಯುವುದಿಲ್ಲ. ಅಲ್ಲಿ ಕೇಳಿಸದವಳು ಯಾರು, ಕೇಳಿಸುವವರು ಯಾರು ಎಂದು ಹೇಗೆ ತಿಳಿಯಬೇಕು? ಸದ್ದಿಲ್ಲದ ಊರಿಗೆ ಬಂದ ಮೇಲೆ ಗೊತ್ತಾಯಿತು. ಮೀಸೆ ಮುಚ್ಚಿದ ಬಾಯಿಯಿಂದ ಬಂದ ಅಪ್ಪಣೆ ಆ ಮಗುವಿಗೆ ಮುಟ್ಟಿಯೇ ಇರಲಿಲ್ಲ.

"ಹಂಗಾರ ಕಾಪಿ ಅಂತ..." ಎಂದು ಹೆಡ್‌ಮಾಸ್ತರರು ತೊದಲಿದರು.

"ಗ್ವಾಡಿ ಉತ್ತರ ಹೇಳಿಕೊಡಾಕ ಶುರು ಮಾಡಿದ ದಿನ ಬರೀತೀನಿ ಬಿಡ್ರಿ," ಎಂದರು ಮೀಸೆಯವರು. "ಈಗ ಕೊನೀ ಭಾಗ ಐತಿ. ಕತಿ ಓದಿ ಹೇಳಬೇಕು, ಹುಡುಗೂರು ಕೇಳಿ ಗುಂಡ ತುಂಬಬೇಕು. ಈಕಿಗೆ ಹೆಂಗ ಮಾಡೂಣು?"

ನಮ್ಮ ಶಾಲೆಯವರು ಓದುವಂತಿಲ್ಲ, ಅದೂ ನಿಯಮ. ಒಳಗಿನವರಿಗೆ ಓದಿ ಮುಗಿಸಿ ಅವರು ಮತ್ತೆ ಪಡಸಾಲೆಗೆ ಬಂದರು. ಬೆಂಚನ್ನು ತಿರುಗಿಸಿ ಹುಡುಗಿಯ ಎದುರಿಗೆ ನೆಲದ ಮೇಲೆ ಕೂತರು, ಆ ಇಸ್ತ್ರಿ ಅಂಗಿಯ ಗತಿಯನ್ನೂ ನೋಡದೆ. ಎಡಗೈಯ ಎರಡು ಬೆರಳಿನಿಂದ ಮೀಸೆಯನ್ನು ಮೂಗಿನ ಕಡೆಗೆ ಒತ್ತಿ ಹಿಡಿದು, ಬಾಯಿ ಅಗಲಿಸಿ, ಒಂದೊಂದೇ ಮಾತಾಗಿ ಕಥೆ ಓದಿದರು. ಹುಡುಗಿ ಮೊದಲು ಕಿಸಕ್ಕೆಂದಳು. ಆಮೇಲೆ ಕಣ್ಣು ಕೀಳದೆ ನೋಡಿದಳು. ಓದುವುದು ಮುಗಿದ ಮೇಲೆ ಅವಳ ಕೈ ಎದೆಗೆ ಹೋಯಿತು, ಬೆರಳು ಎದುರಿಗೆ ಕೂತ ಮಾಸ್ತರರಿಗೇ ತೋರಿದವು. ಹೌದೆಂದು ತಲೆ ಅಲ್ಲಾಡಿಸದೆ ಕೂರುವುದು ಎಷ್ಟು ಕಷ್ಟ ಎಂದು ಆ ಮನುಷ್ಯನಿಗೆ ಆಗ ಗೊತ್ತಾಗಿರಬೇಕು. ಕಲ್ಲಿನ ಹಾಗೆ ಕೂತರು. ಕೊನೆಗೆ ಹೊರಡುವಾಗ ಹೆಡ್‌ಮಾಸ್ತರರ ಕೈಯಿಂದ ತಾವಾಗಿಯೇ ಕೇಳಿ ಒಂದು ಹಳಕು ಬೆಲ್ಲ ತೆಗೆದುಕೊಂಡರು.

ಅಂದೇ ಸಂಜೆ ಹುಡುಗಿಯ ಮನೆಗೆ ಹೋದೆ. ಅವ್ವ ಕಂಡಿಕಿ ಸುತ್ತುತ್ತಿದ್ದಳು. ನಾನು ಹೇಳಿದ್ದನ್ನು ಮೊದಲು ನಂಬಲಿಲ್ಲ.

"ಏ ಇಲ್ಲ ಬಿಡ್ರಿ ಅಕ್ಕೋರ. ಅಕಿ ಹಠಮಾರಿ, ಕರದ್ರ ತಿರುಗಿ ನೋಡಂಗಿಲ್ಲ. ಹೋಗಿ ಮುಟ್ಟಿ ಹೇಳಿದ್ರ ಎಲ್ಲಾ ಕೇಳ್ತಾಳ," ಎಂದವಳು ಅಲ್ಲಿಗೇ ನಿಂತಳು. ಕೈಯಲ್ಲಿನ ನೂಲು ಹಾಗೇ ಉಳಿಯಿತು. ಮಗಳ ಕಡೆ ನೋಡಿದಳು.

ನಾನು ಹುಡುಗಿಯ ಎದುರಿಗೆ ಕೂತು ಕೇಳಿದೆ. "ನಿನಗ ಕೇಳಸಂಗಿಲ್ಲಂತ ಯಾಕ ಹೇಳಲಿಲ್ಲವ್ವಾ?"

ಅವಳಿಗೆ ಆಶ್ಚರ್ಯ. "ಎಲ್ಲಾರಿಗೂ ಹಿಂಗ ಅಂತ ತಿಳಕೊಂಡಿದ್ದೆರಿ. ಎಲ್ಲಾರೂ ಬಾಯಿ ನೋಡ್ತಾರಲ್ರಿ?"

ಅವ್ವ ಅತ್ತಳು. ನಾನೂ ಅತ್ತೆ. ಹುಡುಗಿ ನಮ್ಮಿಬ್ಬರನ್ನೂ ನೋಡಿ ಹೆಬ್ಬೆರಳು ಬಾಯಿಗೆ ಬಾಗಿಸಿ, ಚಹಾ ಮಾಡಲೇ ಎಂದು ಕೇಳಿದಳು. ಅಳುತ್ತಲೇ ನಗು ಬಂತು.

ಫಲಿತಾಂಶದ ಸಭೆಯಲ್ಲಿ ಈ ಸಲ ಸಾಹೇಬರು ನೀರು ಕುಡಿಯುವ ಮುಂಚೆಯೇ ನಮ್ಮ ಹೆಸರು ಬಂತು. ಮೊದಲ ಸ್ಥಾನವೇನಲ್ಲ, ನಡುವೆ ಎಲ್ಲೋ. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಗುಂಡು ಸರಿ ತುಂಬಿದವಳು ಎರಡು ಜಡೆಯವಳು. ಕಥೆ ಕೇಳಿ ಗುಂಡು ತುಂಬುವ ಭಾಗದಲ್ಲಿ ಒಂದೂ ತಪ್ಪಿರಲಿಲ್ಲ. ಹೆಡ್‌ಮಾಸ್ತರರು ನನ್ನ ಕಡೆ ಬಾಗಿ, "ನಮ್ಮ ಕೆಳಗ ಭಾಳ ಮಂದಿ ನಿಂತಾರ್ರೀ ಟೀಚರ್. ರೂಢಿ ಇಲ್ಲ, ಅಂಗಾಲಾಗ ಕಚಗುಳಿ ಆಗಾಕತ್ತೈತಿ," ಎಂದರು.

ಬೇಸಿಗೆಯಲ್ಲಿ ಜಮಖಂಡಿಗೆ ಕರೆದುಕೊಂಡು ಹೋಗಿ ಹುಡುಗಿಯ ಕಿವಿ ತೋರಿಸಿದೆವು. ಕಿವಿಗೆ ಮಷೀನು ಹಾಕಿದರೆ ತಕ್ಕಮಟ್ಟಿಗೆ ಕೇಳಿಸುತ್ತದೆ ಎಂದರು ಡಾಕ್ಟರು. ಅದು ಕೈಗೆ ಬರುವ ಹೊತ್ತಿಗೆ ಶಾಲೆ ಶುರುವಾಗಿ ಅವಳು ಆರನೆಯ ತರಗತಿಗೆ ಬಂದಿದ್ದಳು. ಲೆಕ್ಕ ಹೇಳುವವಳು ಅಲ್ಲಿಯೂ ನಾನೇ. ಮಷೀನು ಹಾಕಿಕೊಂಡು ಓಣಿಗೆ ಬಂದ ಮೊದಲ ಬೆಳಿಗ್ಗೆ ಅವಳು ಎರಡೂ ಕಿವಿಗೆ ಕೈ ಮುಚ್ಚಿಕೊಂಡು ತರಗತಿಯೊಳಗೆ ಓಡಿ ಬಂದಳು.

"ಅಕ್ಕೋರ! ಇದು ದಿನಾ ಹಿಂಗ ಇರತೈತೇನ್ರಿ?"

"ಯಾವುದವ್ವಾ?"

"ಈ ಗದ್ದಲಾ! ಇದರಾಗ ನೀವೆಲ್ಲಾ ಹೆಂಗ ಬದಕೀರಿ?"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ಮಷೀನು ಬಿಚ್ಚಿ ಕಂಪಾಸ್ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಇನ್ನು ಪಾಠ ಶುರು ಮಾಡಿ ಎಂದು ನನಗೆ ಕೈ ಮಾಡಿದಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದೆ. ಎಲ್ಲರಿಗಿಂತ ಮೊದಲು ಅವಳ ಬೆರಳು ಬಂದವು.

ಮಧ್ಯಾಹ್ನ ಕರೆಂಟು ಹೋಯಿತು. ಎಡಕ್ಕೆ, ಬಲಕ್ಕೆ, ಹಿಂದೆ, ಒಂದಾದ ಮೇಲೊಂದು ಮಗ್ಗಗಳು ನಿಂತವು. ಮಕ್ಕಳೆಲ್ಲ ತಲೆ ಎತ್ತಿ ಮೇಲೆ ನೋಡಿದರು. ಅವರನ್ನು ನೋಡಿ ಅವಳಿಗೂ ತಿಳಿಯಿತು. ಡಬ್ಬಿ ತೆರೆದು ಮಷೀನು ಹಾಕಿಕೊಂಡಳು. ನಾನು ಕಂಡೂ ಕಾಣದ ಹಾಗೆ ಬೋರ್ಡಿನ ಕಡೆ ತಿರುಗಿದೆ. ಬೆನ್ನು ಮಕ್ಕಳ ಕಡೆ, ಮುಖ ಗೋಡೆಯ ಕಡೆ. ಹೆಡ್‌ಮಾಸ್ತರರು ಬೆಳಿಗ್ಗೆ ಕೊಟ್ಟ ಬೆಲ್ಲದ ಹಳಕುಗಳು ಮೇಜಿನ ಮೇಲಿದ್ದವು. ಎಂದಿಗಿಂತ ಮೆಲ್ಲಗೆ ಕೇಳಿದೆ.

"ಬೆಲ್ಲ ಯಾರಿಗೆ ಬೇಕು?"

"ನನಗ್ರೀ!"

ಎಲ್ಲರಿಗಿಂತ ಮೊದಲು ಬಂದ ಆ ಗಟ್ಟಿ ದನಿ ಯಾರದೆಂದು ನನಗೆ ಗೊತ್ತಿತ್ತು. ಕೂಡಲೇ ತಿರುಗಲು ಆಗಲಿಲ್ಲ, ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು ತಿರುಗಿ ನೋಡಿದರೆ, ಅವಳು ಬಾಯಲ್ಲಿ ಹೇಳಿದ್ದು ಸಾಲದೆಂದು ಎದೆಯ ಮೇಲೆ ಎರಡು ಬೆರಳನ್ನೂ ಇಟ್ಟುಕೊಂಡು ನಿಂತಿದ್ದಳು. ಎರಡು ಹಳಕು ಬೇಕಂತೆ. ಕೊಟ್ಟೆ.